ಸತ್ತ ಇಲಿಯನ್ನೂ ಬಿಗಿಯುವ ಹಾವು

ಒಂದು ಕಥೆ ಇಂಟರ್ನೆಟ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಸಾಕಿದ ಹೆಬ್ಬಾವು ಊಟ ಬಿಟ್ಟಿತಂತೆ. ರಾತ್ರಿ ಒಡತಿಯ ಪಕ್ಕ ಉದ್ದಕ್ಕೆ ಮಲಗುತ್ತಿತ್ತಂತೆ. ಡಾಕ್ಟರು ಹೇಳಿದರಂತೆ, "ನಿಮ್ಮನ್ನು ನುಂಗೋಕೆ ಅಳತೆ ತಗೋತಿದೆ!" ಶುದ್ಧ ಸುಳ್ಳು. ಹಾವೇನು ಟೈಲರ್ ಅಲ್ಲವಲ್ಲ. ಹೊಂಚು ಹಾಕುವ ಹೆಬ್ಬಾವು ಕತ್ತನ್ನು ಸ್ಪ್ರಿಂಗ್‌ನಂತೆ ಮಡಚಿಕೊಂಡು ಕೂರುತ್ತದೆ, ಉದ್ದಕ್ಕೆ ಚಾಚಿಕೊಳ್ಳುವುದಿಲ್ಲ.

ನಿಜವಾದ ಬೇಟೆಬುದ್ಧಿ ಇದಕ್ಕಿಂತ ಸ್ವಾರಸ್ಯವಾಗಿದೆ. ಅಮೆರಿಕ, ಯುರೋಪಿನ ಮನೆಗಳಲ್ಲಿ ಬಾಲ್ ಪೈಥಾನ್ ಸಾಕುವವರು ಬಹಳ. ಪಶ್ಚಿಮ ಆಫ್ರಿಕಾ ಕಡೆಯ ಸಣ್ಣ ಹೆಬ್ಬಾವು ಅದು. ಹೆದರಿದರೆ ಚೆಂಡಿನ ಹಾಗೆ ಮುದುಡಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. (ನಮ್ಮ ಕಾಡಿನ ಹಾವನ್ನು ಹೀಗೆ ಸಾಕೋಣ ಅಂದುಕೊಳ್ಳಬೇಡಿ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.) ಪೆಟ್ಟಿಗೆಯಲ್ಲೇ ಹುಟ್ಟಿ, ಫ್ರೀಜರ್‌ನಿಂದ ತೆಗೆದು ಬೆಚ್ಚಗೆ ಮಾಡಿದ ಇಲಿಯನ್ನಷ್ಟೇ ಕಂಡ ಹಾವೂ ಆ ಇಲಿಯ ಮೇಲೆ ಎರಗುತ್ತದೆ, ಸುತ್ತಿ ಬಿಗಿಯುತ್ತದೆ. ಸತ್ತದ್ದನ್ನು ಮತ್ತೆ ಕೊಲ್ಲುವುದು!

ಅಮೆರಿಕದ ವಿಜ್ಞಾನಿ ಸ್ಕಾಟ್ ಬೋಬ್ಯಾಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೇ ಸಂಬಂಧಿಸಿದ್ದು. ಸತ್ತ ಇಲಿಯೊಳಗೆ ನೀರು ತುಂಬಿದ ಕೃತಕ ಹೃದಯ ಇಟ್ಟು, ಅದು ಬಡಿಯುವಂತೆ ಮಾಡಿದರು. ಇಲಿಯನ್ನು ಬೋವಾ ಹಾವುಗಳಿಗೆ (ಇವೂ ಹೆಬ್ಬಾವಿನಂತೆ ಬೇಟೆಯನ್ನು ಸುತ್ತಿ ಬಿಗಿಯುತ್ತವೆ) ಕೊಟ್ಟರು. ಹೃದಯ ಬಡಿಯುತ್ತಲೇ ಇದ್ದರೆ ಹಾವು ಹೆಚ್ಚು ಹೊತ್ತು ಬಿಗಿಯಿತು. ಬಡಿತ ನಿಲ್ಲಿಸಿದರೆ ಬೇಗ ಸಡಿಲಿಸಿತು. ಜೀವಂತ ಬೇಟೆಯನ್ನೇ ಎಂದೂ ಹಿಡಿಯದ ಹಾವುಗಳೂ ಬಡಿತಕ್ಕೆ ಸ್ಪಂದಿಸಿದವು. ಬಿಗಿಯುವುದಕ್ಕೆ ತುಂಬ ಶಕ್ತಿ ಬೇಕು, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದ್ದರೆ ಉಳಿತಾಯ ಅಲ್ವಾ?

ರುಚಿಯೂ ಹುಟ್ಟಿನಿಂದಲೇ ಬರಬಹುದು. ಕ್ಯಾಲಿಫೋರ್ನಿಯಾದ ಕರಾವಳಿಯ ಗಾರ್ಟರ್ ಹಾವುಗಳು ಚಿಪ್ಪಿಲ್ಲದ ಬಸವನಹುಳು ತಿನ್ನುತ್ತವೆ. ಒಳನಾಡಿನ ಅದೇ ಜಾತಿಯ ಹಾವುಗಳಿಗೆ ಮೀನು, ಕಪ್ಪೆ ಊಟ. ಅಮೆರಿಕದ ಜೀವವಿಜ್ಞಾನಿ ಸ್ಟೀವನ್ ಆರ್ನಾಲ್ಡ್ ಎರಡೂ ಕಡೆಯ ಆಗಷ್ಟೇ ಹುಟ್ಟಿದ ಮರಿಗಳ ಮುಂದೆ ಆ ಹುಳುವಿನ ಚೂರು ಇಟ್ಟರು. ಕರಾವಳಿಯ ಮರಿಗಳಲ್ಲಿ ಹೆಚ್ಚಿನವು ನುಂಗಿದವು. ಒಳನಾಡಿನವು ಹೆಚ್ಚಾಗಿ ಮೂಸಿಯೂ ನೋಡದವರಂತೆ ಇದ್ದವು. ನಿಜಕ್ಕೂ ನಾಲಿಗೆ ಚಾಚಿ ವಾಸನೆ ಹಿಡಿದೇ ಬೇಡವೆಂದಿದ್ದವು!

ಸಾಕಿದವರ ಕೈಗೆ ಕಚ್ಚುವುದೂ ಎಷ್ಟೋ ಸಲ ಸಿಟ್ಟಿನಿಂದಲ್ಲ. ಈಗಷ್ಟೇ ಇಲಿ ಹಿಡಿದ ಕೈಯಲ್ಲಿ ಇಲಿಯ ವಾಸನೆ ಇದೆ. ಕೈ ಬೆಚ್ಚಗಿದೆ, ಅಲುಗಾಡುತ್ತಿದೆ. ಬಾಲ್ ಪೈಥಾನ್‌ನ ತುಟಿಯಂಚಿನ ಗುಳಿಗಳು ಆ ಬಿಸಿಯನ್ನು ಕತ್ತಲಲ್ಲೂ ಗುರುತಿಸುತ್ತವೆ. ಹಾವಿನ ಲೆಕ್ಕಕ್ಕೆ ಅದು ಇಲಿಯೇ. ಅದಕ್ಕೇ ಅನುಭವಿಗಳು ಉದ್ದ ಚಿಮಟದಲ್ಲಿ ಊಟ ಕೊಡುತ್ತಾರೆ. ಸುಮ್ನೆ ಎತ್ತಿಕೊಳ್ಳುವುದಿದ್ದರೆ ಮೊದಲು ಕೊಕ್ಕೆಯಿಂದ ಮೆಲ್ಲಗೆ ಸವರಿ, ಇವತ್ತು ಊಟವಲ್ಲ ಎಂದು ತಿಳಿಸುತ್ತಾರೆ.

ಇನ್ನು ಕಥೆಯ ಹಾವು ಊಟ ಬಿಟ್ಟಿತ್ತಲ್ಲ? ಬಾಲ್ ಪೈಥಾನ್‌ಗಳು ತಿಂಗಳುಗಟ್ಟಲೆ ಉಪವಾಸ ಇರುವುದು ಮಾಮೂಲು. ಒಡತಿಯ ಪಕ್ಕ ಹಾವು ಮಲಗಿದ್ದೇ ನಿಜವಾದರೆ, ಅದಕ್ಕೆ ಬೇಕಾಗಿದ್ದದ್ದು ಬಹುಶಃ ಬೆಚ್ಚನೆಯ ಜಾಗ.