ಅರಸ ಉತ್ತರಕ್ಕೆ ಕಾಯುತ್ತಿರುವಾಗ ಪ್ರಾರ್ಥನೆ: ನೆಹೆಮೀಯ 1 ಮತ್ತು 2ನೇ ಅಧ್ಯಾಯದ ಟಿಪ್ಪಣಿ

ಈ ವಾರದ ಬೈಬಲ್ ಸ್ಟಡಿಯ ವಿಷಯ, ಕೆಲಸದ ಒತ್ತಡದ ನಡುವೆ ಪ್ರಾರ್ಥನೆಗೆ ಸಮಯ. ನನ್ನ ಹಾಗೆ ವಾರ್ಡಿನಲ್ಲಿ ಶಿಫ್ಟ್ ಡ್ಯೂಟಿ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟಿಸಿದ ಕತೆ ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟಿದ್ದೇನೆ.

ಮೊದಲು 2:4-5 ಓದಿ. ಯೆಹೂದ್ಯನಾದ ನೆಹೆಮೀಯ ಪರ್ಷಿಯದ ಅರ್ತಷಸ್ತ ಅರಸನ ಪಾನದಾಯಕ. ದ್ರಾಕ್ಷಾರಸ ಕೊಡುವಾಗ ಅವನ ಮುಖ ಬಾಡಿದೆ. ಅರಸ ಕಾರಣ ಕೇಳುತ್ತಾನೆ. ಇವನಿಗೆ ಭಯ, ಆದರೂ ತನ್ನ ಹಿರಿಯರ ಊರಾದ ಯೆರೂಸಲೇಮ್ ಹಾಳುಬಿದ್ದು, ಬಾಗಿಲುಗಳು ಸುಟ್ಟುಹೋದ ಪಾಡು ಹೇಳುತ್ತಾನೆ. ಈಗ ನಿನಗೇನು ಬೇಕು ಅನ್ನುತ್ತಾನೆ ಅರಸ. ಆಗ ನೆಹೆಮೀಯ ಪರಲೋಕದ ದೇವರನ್ನು ಪ್ರಾರ್ಥಿಸಿ, ಆಮೇಲೆ ಬಾಯಿ ತೆರೆಯುತ್ತಾನೆ. ರಾಣಿಯೂ ಪಕ್ಕದಲ್ಲೇ ಕೂತಿದ್ದಾಳೆ. ಅಲ್ಲಿ ಮೊಣಕಾಲೂರುವುದು ಹೇಗೆ? ಕಣ್ಣು ಮುಚ್ಚುವುದೂ ಕಷ್ಟ. ಒಂದೆರಡು ಉಸಿರಿನ ಹೊತ್ತು, ಅಷ್ಟೇ.

ಇದನ್ನು ಓದಿದ ಕೂಡಲೇ ಗುಂಪಿನಲ್ಲಿ ಒಬ್ಬಳು ಕೇಳಿದಳು: "ಹಾಗಾದ್ರೆ ಬಸ್ಸಲ್ಲಿ ಒಂದು ಮಾತು ಹೇಳಿಕೊಂಡ್ರೆ ಸಾಕಲ್ವಾ ಅಕ್ಕ?" ಇದಕ್ಕೆ ಉತ್ತರ 1ನೇ ಅಧ್ಯಾಯದಲ್ಲಿದೆ. ಆದರೆ ಅಲ್ಲೊಂದು ತಿಂಗಳ ಲೆಕ್ಕದ ಗಂಟು ಇದೆ. ಅದನ್ನು ಬಿಡಿಸದೆ ನನಗೆ ಮುಂದೆ ಹೋಗಲಾಗಲಿಲ್ಲ.

ಗಂಟು ಇದು. ಯೆರೂಸಲೇಮಿನ ಕೆಟ್ಟ ಸುದ್ದಿ ಬಂದದ್ದು ಅರಸನ ಆಳ್ವಿಕೆಯ 20ನೇ ವರ್ಷದ ಕಿಸ್ಲೇವ್ ತಿಂಗಳಲ್ಲಿ (1:1). ಅರಸನ ಮುಂದೆ ಮಾತಾಡಿದ್ದು 20ನೇ ವರ್ಷದ ನೀಸಾನ್ ತಿಂಗಳಲ್ಲಿ (2:1). ಯೆಹೂದ್ಯರ ತಿಂಗಳ ಎಣಿಕೆಯಲ್ಲಿ ನೀಸಾನ್ ಮೊದಲನೆಯದು, ನಮ್ಮ ಮಾರ್ಚ್-ಏಪ್ರಿಲ್. ಕಿಸ್ಲೇವ್ ಒಂಬತ್ತನೆಯದು, ನವೆಂಬರ್-ಡಿಸೆಂಬರ್. ಎರಡೂ ಅದೇ 20ನೇ ವರ್ಷ ಅಂದರೆ ನೀಸಾನ್ ಮೊದಲು ಬರಬೇಕು. ಸುದ್ದಿ ಬರುವ ಮೊದಲೇ ಅರಸನನ್ನು ಕೇಳಿದನಾ? ಸಾಧ್ಯವೇ ಇಲ್ಲ.

ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ ಹೀಗಿದೆ. ಆಳ್ವಿಕೆಯ ವರ್ಷವನ್ನು ಇಲ್ಲಿ ನೀಸಾನ್‌ನಿಂದ ಎಣಿಸಿಲ್ಲ, ಏಳನೆಯ ತಿಂಗಳಾದ ತಿಶ್ರಿಯಿಂದ, ಅಂದರೆ ಸೆಪ್ಟೆಂಬರ್-ಅಕ್ಟೋಬರ್‌ನಿಂದ ಎಣಿಸಿದ್ದಾರೆ. ನಮ್ಮ ಶಾಲೆಯ ವರ್ಷದ ಹಾಗೆ. ಜೂನ್‌ನಲ್ಲಿ ಶುರುವಾದ ವರ್ಷದಲ್ಲಿ ಡಿಸೆಂಬರ್ ಬಂದು, ಕ್ಯಾಲೆಂಡರ್ ಬದಲಾಗಿ, ಮಾರ್ಚ್ ಪರೀಕ್ಷೆ ಬಂದರೂ ಮಗು ಅದೇ ತರಗತಿ. ತಿಶ್ರಿಯಿಂದ ಎಣಿಸಿದರೆ ಕಿಸ್ಲೇವ್ ಮೊದಲು, ಆಮೇಲೆ ತೇಬೇತ್, ಶೆಬಾಟ್, ಅದಾರ್, ಕೊನೆಗೆ ನೀಸಾನ್. ಇಂದಿನ ಲೆಕ್ಕದಲ್ಲಿ ಕ್ರಿ.ಪೂ. 446ರ ಕೊನೆಯಿಂದ 445ರ ವಸಂತದವರೆಗೆ.

ಸುಮಾರು ನಾಲ್ಕು ತಿಂಗಳು! ಈ ಲೆಕ್ಕ ಸಿಕ್ಕ ಮೇಲೆ 2:4 ಬೇರೆಯೇ ಕಾಣುತ್ತದೆ. ಆ ಉಸಿರಿನಷ್ಟು ಪ್ರಾರ್ಥನೆಯ ಹಿಂದೆ ಒಂದು ಇಡೀ ಚಳಿಗಾಲದ ಪ್ರಾರ್ಥನೆ ಇದೆ. 1:11ರಲ್ಲಿ ಅವನು "ಈ ಮನುಷ್ಯನ", ಅಂದರೆ ಅರಸನ, ದಯೆ ಸಿಗಲಿ ಅಂತ ಆಗಲೇ ಬೇಡಿಕೊಂಡಿದ್ದಾನೆ. ಹಾಗಾಗಿಯೇ ಅರಸ ಕೇಳಿದಾಗ ತಡವರಿಸಲಿಲ್ಲ. ಎಷ್ಟು ದಿನ ರಜೆ, ಯಾವ ಅಧಿಪತಿಗಳಿಗೆ ಪತ್ರ, ಬಾಗಿಲಿನ ತೊಲೆಗೆ ವನಪಾಲಕ ಆಸಾಫನಿಂದ ಮರ, ಎಲ್ಲ ಬಾಯಲ್ಲೇ ಇತ್ತು (2:6-8).

ಇನ್ನೊಂದು ವಿಷಯ, ನನಗೆ ಜಾಸ್ತಿ ಹಿಡಿಸಿದ್ದು ಇದೇ. 1:5-11 ಜೋರಾಗಿ ಓದಿ ನೋಡಿ. ಎರಡು ನಿಮಿಷದಲ್ಲಿ ಮುಗಿಯುತ್ತದೆ. ದೇವರ ಗುಣ, ಪಾಪದ ಅರಿಕೆ, ಮೋಶೆಗೆ ಕೊಟ್ಟ ಮಾತಿನ ನೆನಪು, ಕೊನೆಗೆ ಒಂದೇ ಬೇಡಿಕೆ. ಆದರೆ ಅದನ್ನು ಹಗಲಿರುಳು ಮಾಡಿದೆ ಅನ್ನುತ್ತಾನೆ (1:6). ಗಂಟೆಗಟ್ಟಲೆ ಕೂರಲು ಆಗದವರು ಇದನ್ನು ಗುರುತು ಹಾಕಿಕೊಳ್ಳಿ. ಒಂದೇ ವಿಷಯವನ್ನು ಹಿಡಿದು, ದಿನವೂ, ತಿಂಗಳುಗಟ್ಟಲೆ.

ಪುಸ್ತಕದುದ್ದಕ್ಕೂ ಕೆಲಸದ ಮಧ್ಯೆ ಚಿಕ್ಕ ಪ್ರಾರ್ಥನೆಗಳಿವೆ: 4:4, 5:19, 6:9, 6:14, ಹೀಗೇ 13:31ರವರೆಗೆ. 4:9 ಮಾತ್ರ ಬಿಡಬೇಡಿ: ಶತ್ರುಗಳು ಬೆದರಿಸಿದಾಗ ಗೋಡೆ ಕಟ್ಟುವವರು ಪ್ರಾರ್ಥಿಸಿದರು, ಕಾವಲನ್ನೂ ಇಟ್ಟರು.

ಮಾರ್ಕ 1:35 ಬಗ್ಗೆ ಒಂದೇ ಮಾತು. ಯೇಸು ನಸುಕಿನಲ್ಲಿ ಎದ್ದು ಪ್ರಾರ್ಥನೆಗೆ ಹೋದದ್ದನ್ನು ಹೇಳಿ ನೈಟ್ ಡ್ಯೂಟಿಯವರನ್ನು ಗದರುವವರಿದ್ದಾರೆ, ಅದು ಸುಮ್ನೆ. ಅಲ್ಲಿ ನೋಡಬೇಕಾದ್ದು 37-38. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂತ ಶಿಷ್ಯರು ಅಂದಾಗ ಆತನು ತಾನು ಬಿಟ್ಟುಬಂದ ಕಪೆರ್ನೌಮ್ ಊರಿಗೆ ಹಿಂತಿರುಗದೆ ಬೇರೆ ಊರುಗಳ ಕಡೆ ಹೊರಟನು. ಯಾವ ಕೆಲಸಕ್ಕೆ ಇಲ್ಲ ಅನ್ನಬೇಕು ಅನ್ನುವುದು ಆತನಿಗೆ ಸ್ಪಷ್ಟವಿತ್ತು. ರಾತ್ರಿಯಲ್ಲಿ ನಿಂತು ಸೇವೆ ಮಾಡುವವರಿಗೆ 134ನೇ ಕೀರ್ತನೆಯೇ ಇದೆ. ಮೂರೇ ವಚನ.

ನಾನು ಈಗ ಮಾಡುತ್ತಿರುವುದು: ಗಡಿಯಾರದ ಸಮಯ ಬಿಟ್ಟು, ಡ್ಯೂಟಿ ಮುಗಿದು ಯೂನಿಫಾರ್ಮ್ ಬದಲಿಸಿದ ಮೇಲೆ, ಫೋನ್ ಮುಟ್ಟುವ ಮೊದಲು, 1:5-11ರ ಕ್ರಮದಲ್ಲಿ ಒಂದು ಪ್ರಾರ್ಥನೆ. ಆ ವಾರಕ್ಕೆ ಒಂದೇ ಬೇಡಿಕೆ. ಇನ್ನು ವಾರ್ಡಿನಲ್ಲಿ ಪ್ರತಿ ಹಾಸಿಗೆಯ ಮುಂದೆ ಹ್ಯಾಂಡ್‌ರಬ್ (ಕೈಗೆ ಹಚ್ಚುವ ಸ್ಯಾನಿಟೈಸರ್) ಹಾಕಿ ಕೈ ಉಜ್ಜಲೇಬೇಕು, 20ರಿಂದ 30 ಸೆಕೆಂಡು. ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ, ಅಷ್ಟರಲ್ಲಿ ಪರದೆಯ ಆಚೆಗಿರುವವರ ಹೆಸರು ಹೇಳಿ ಒಂದು ಮಾತು. ಕಾಲ್ ಬೆಲ್ ಹೊಡೆದರೆ ಅಲ್ಲಿಗೇ ಬಿಟ್ಟು ಓಡುತ್ತೇನೆ.