ಯಿಗ್ ಪದರದ ನಷ್ಟ: ಗೆರೆಯ ಇಳಿಜಾರು ನೋಡಿ, ಬುಡವನ್ನೂ ನೋಡಿ

ಸ್ಪಿನ್ ಅಲೆ, ಅಂದರೆ ಕಾಂತ ವಸ್ತುವಿನೊಳಗೆ ಎಲೆಕ್ಟ್ರಾನ್‌ಗಳ ಪುಟ್ಟ ಕಾಂತಗಳ (ಸ್ಪಿನ್‌ಗಳ) ಓಲಾಟ ಅಲೆಯಾಗಿ ಸಾಗುವುದು, ದೂರ ಹೋಗಬೇಕೆಂದರೆ ನಷ್ಟ ಕಡಿಮೆ ಇರಬೇಕು. ಅದಕ್ಕೇ ಎಲ್ಲರೂ ಯಿಟ್ರಿಯಂ ಐರನ್ ಗಾರ್ನೆಟ್, ಅಂದರೆ ಯಿಗ್ ಹಿಂದೆ ಬಿದ್ದಿರುವುದು. ಇದರಲ್ಲಿ ಕಾಂತಗುಣವಿದೆ, ಆದರೆ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಲೋಹಗಳಲ್ಲಿ ಓಡಾಡುವ ಎಲೆಕ್ಟ್ರಾನ್‌ಗಳಿಂದ ಆಗುವ ನಷ್ಟ ಇಲ್ಲಿಲ್ಲ. ಈ ಓಲಾಟ ಎಷ್ಟು ಬೇಗ ಅಡಗುತ್ತದೆ ಅನ್ನುವುದರ ಅಳತೆಯೇ ಗಿಲ್ಬರ್ಟ್ ಡ್ಯಾಂಪಿಂಗ್ ಆಲ್ಫಾ. ನಿಕ್ಕಲ್-ಕಬ್ಬಿಣದ ಮಿಶ್ರಲೋಹ ಪರ್ಮಲಾಯ್‌ನಲ್ಲಿ ಅದು ಸುಮಾರು 0.007. ಒಳ್ಳೆಯ ಯಿಗ್ ಪದರದಲ್ಲಿ 0.0001ರ ಆಸುಪಾಸು.

ಯಿಗ್ ಪದರ ಬೆಳೆಸುವ ತಳಕ್ಕೆ ಜಿಜಿಜಿ, ಅಂದರೆ ಗ್ಯಾಡೊಲಿನಿಯಂ ಗ್ಯಾಲಿಯಂ ಗಾರ್ನೆಟ್ ಹರಳೇ ಯಾಕೆ? ಯಿಗ್‌ನ ಜಾಲರಿ ಅಳತೆ (ಹರಳಿನಲ್ಲಿ ಅಣುಗಳ ಜೋಡಣೆ ಮತ್ತೆ ಮತ್ತೆ ಬರುವ ದೂರ) 12.376 ಆಂಗ್‌ಸ್ಟ್ರಾಮ್, ಜಿಜಿಜಿಯದು 12.383. ಇಷ್ಟು ಹತ್ತಿರದ ಜೋಡಿ ಸಿಗುವುದು ಅಪರೂಪ. ಸಿಲಿಕಾನ್ ಮೇಲೆ ಬೆಳೆಸಿದರೆ ಪದರ ಚೂರುಚೂರು ಹರಳುಗಳಾಗುತ್ತದೆ, ಬಿಸಿ ಆರುವಾಗ ಬಿರುಕೂ ಬಿಡಬಹುದು.

ಮೈಕ್ರಾನ್ ದಪ್ಪಕ್ಕೆ ದ್ರವದಿಂದ ಬೆಳೆಸುವ ಎಲ್‌ಪಿಇ ಹಳೆಯ, ನಂಬಿಕೆಯ ದಾರಿ. ನ್ಯಾನೋಮೀಟರ್ ದಪ್ಪಕ್ಕೆ ಲೇಸರ್ ಡಿಪೊಸಿಷನ್ (ಲೇಸರ್‌ನಿಂದ ವಸ್ತುವನ್ನು ಚಿಮ್ಮಿಸಿ ಕೂರಿಸುವುದು) ಅಥವಾ ಸ್ಪಟರಿಂಗ್ (ಅಯಾನುಗಳಿಂದ ಬಡಿದು ಚಿಮ್ಮಿಸಿ ಕೂರಿಸುವುದು) ಜಾಸ್ತಿ. ಬಿಸಿ ಮಾಡದೆ ಸ್ಪಟರ್ ಮಾಡಿದ ಪದರಕ್ಕೆ ಹರಳಿನ ಕ್ರಮವೇ ಇರುವುದಿಲ್ಲ. ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಕ್ಸಿಜನ್‌ನಲ್ಲಿ ಅನೀಲ್ ಮಾಡಿದಾಗ, ಅಂದರೆ ಕಾಯಿಸಿಟ್ಟಾಗ, ಅದು ಕೆಳಗಿನ ಜಿಜಿಜಿಯನ್ನು ಅನುಸರಿಸಿ ಬುಡದಿಂದ ಮೇಲಕ್ಕೆ ಹರಳಾಗುತ್ತಾ ಬರುತ್ತದೆ. ಆಕ್ಸಿಜನ್ ಕೊರತೆಯಾದರೆ ಕೆಲವು ಕಬ್ಬಿಣದ ಅಯಾನುಗಳು 3+ ಬದಲು 2+ ಆಗಿ ನಷ್ಟ ಏರುತ್ತದೆ. ಹಾಗಂತ ಸುಮ್ನೆ ಜಾಸ್ತಿ ಹೊತ್ತು ಕಾಯಿಸಿದರೆ ಜಿಜಿಜಿಯ ಗ್ಯಾಡೊಲಿನಿಯಂ ಪದರದೊಳಗೆ ನುಗ್ಗುತ್ತದೆ. ಬೆಂಗಳೂರಿನ ಮಳೆಗಾಲದ ಸಂಜೆ ಕರೆಂಟ್ ಹೋಗುವುದು ಗೊತ್ತಿರುವುದೇ ಅಲ್ವಾ? ಫರ್ನೇಸ್‌ಗೆ ಬ್ಯಾಕಪ್ ಇದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಈಗ ಮುಖ್ಯ ಮಾತು. ಎಫ್‌ಎಂಆರ್, ಅಂದರೆ ಮೈಕ್ರೋವೇವ್ ಕೊಟ್ಟು ಕಾಂತಕ್ಷೇತ್ರ ಬದಲಿಸುತ್ತಾ ಪದರ ಯಾವಾಗ ಅದನ್ನು ಹೀರುತ್ತದೆ ಎಂದು ನೋಡುವ ಅಳತೆಯಲ್ಲಿ, ಬೇರೆ ಬೇರೆ ಫ್ರೀಕ್ವೆನ್ಸಿಗೆ ಲೈನ್‌ವಿಡ್ತ್ (ಆ ಹೀರುವಿಕೆಯ ಶಿಖರದ ಅಗಲ) ಗುರುತಿಸಿ ಗೆರೆ ಎಳೆಯುತ್ತೇವೆ. ಇಳಿಜಾರು ಆಲ್ಫಾ ಕೊಡುತ್ತದೆ. ಗೆರೆ ಸೊನ್ನೆ ಫ್ರೀಕ್ವೆನ್ಸಿಯಲ್ಲಿ ಮುಟ್ಟುವ ಬುಡ, ಪದರ ಎಲ್ಲ ಕಡೆ ಎಷ್ಟು ಒಂದೇ ಸಮ ಇದೆ ಅನ್ನುವುದನ್ನು ಹೇಳುತ್ತದೆ. ಲೆಕ್ಕ ಹಾಕಿ ನೋಡಿ: ಆಲ್ಫಾ 0.0001 ಇದ್ದರೆ 10 ಗಿಗಾಹರ್ಟ್ಸ್‌ನಲ್ಲಿ ಅದರ ಪಾಲಿನ ಪೂರ್ಣ ಅಗಲ ಬರೀ 0.07 ಮಿಲಿಟೆಸ್ಲಾ. ಬುಡವೇ 0.3 ಮಿಲಿಟೆಸ್ಲಾ ಇದ್ದರೆ ಅಗಲದ ಬಹುಪಾಲು ಅಲ್ಲಿಂದಲೇ ಬಂತು. ಅಂಥ ಪದರದ ಆಲ್ಫಾ ಎಷ್ಟು ಚೆನ್ನಾಗಿದ್ದರೂ ನಾನು ಅದನ್ನು ಒಳ್ಳೆಯ ಪದರ ಅನ್ನುವುದಿಲ್ಲ.

ಇನ್ನೊಂದು, ಅರ್ಧ ಎತ್ತರದಲ್ಲಿ ಅಳೆದ ಪೂರ್ಣ ಅಗಲವೋ, ಪೀಕ್-ಟು-ಪೀಕ್ ಅಗಲವೋ (ಶಿಖರದ ಡೆರಿವೇಟಿವ್ ಗೆರೆಯ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗಿನ ದೂರ) ನೋಡಿಕೊಳ್ಳಿ. ಎರಡರ ನಡುವೆ ವರ್ಗಮೂಲ 3ರಷ್ಟು, ಅಂದರೆ ಸುಮಾರು 1.73 ಪಟ್ಟು ವ್ಯತ್ಯಾಸ ಇದೆ.

ಇದೆಲ್ಲ ಕೋಣೆಯ ಉಷ್ಣತೆಯ ಮಾತು. ತುಂಬಾ ತಣ್ಣಗೆ ಮಾಡಿದಾಗ ಜಿಜಿಜಿಯ ಗ್ಯಾಡೊಲಿನಿಯಂ ಸ್ಪಿನ್‌ಗಳೇ ನಷ್ಟ ಹೆಚ್ಚಿಸುತ್ತವೆ. ಅದಕ್ಕೇ ಕೆಲವರು ಯಿಗ್ ಅನ್ನು ಜಿಜಿಜಿಯಿಂದ ಬಿಡಿಸಿ ಬಳಸುವ ದಾರಿ ಹುಡುಕುತ್ತಿದ್ದಾರೆ.