ಗುರಿ ಮಸುಕಾಗಲಿ ಬಿಡಿ

10 ಮೀಟರ್ ಏರ್ ಪಿಸ್ತೂಲಿನಲ್ಲಿ ಚೆನ್ನಾಗಿಯೇ ಹೊಡೆಯುತ್ತಿದ್ದ ನಮ್ಮ ಕಲಬುರಗಿಯ ಹುಡುಗರು 50 ಮೀಟರಿಗೆ ಬಂದ ದಿನ ತಪ್ಪದೆ ಒಂದು ಮಾತು ಹೇಳುತ್ತಾರೆ: "ಸರ್, ಈ ಪಿಸ್ತೂಲೇ ಸರಿಯಿಲ್ಲ." ಪಿಸ್ತೂಲು ಕೆಟ್ಟಿರುವುದು ಅಪರೂಪಕ್ಕೆ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಟ್ರಿಗರ್ ಒತ್ತುವಾಗ ಕಣ್ಣು ಎಲ್ಲಿತ್ತು ಎಂದು ಕೇಳಿದರೆ, "ಗುರಿಯ ಮೇಲೇ ಇತ್ತು ಸರ್" ಎಂದು ಹೆಮ್ಮೆಯಿಂದ ಹೇಳುತ್ತಾರೆ. ಕೆಟ್ಟಿರುವುದು ಅಲ್ಲಿ.

ಕಣ್ಣಿಗೆ ಒಂದು ಸಲಕ್ಕೆ ಒಂದೇ ದೂರ ಸ್ಪಷ್ಟವಾಗಿ ಕಾಣುತ್ತದೆ. ಆ ಸ್ಪಷ್ಟತೆ ಮುಂದಿನ ಸೈಟ್‌ಗೆ, ಅಂದರೆ ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಕಡ್ಡಿಗೆ, ಮೀಸಲು. ಕಣ್ಣಿನ ಕಡೆಗಿರುವ ಹಿಂದಿನ ಸೈಟ್‌ನಲ್ಲಿ ಒಂದು ಕಚ್ಚು ಇರುತ್ತದೆ, ಅದರ ನಡುವೆ ಈ ಕಡ್ಡಿ ಕಾಣಬೇಕು. ಬಾಯಲ್ಲಿ ಹೇಳಿದರೆ ಯಾರೂ ನಂಬದ ಕಾರಣ ಲೆಕ್ಕ ಕೊಡುತ್ತೇನೆ. ಎರಡು ಸೈಟ್‌ಗಳ ನಡುವೆ 22 ಸೆಂಟಿಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. ಹಿಂದಿನ ಸೈಟ್‌ನ ಕಚ್ಚಿನೊಳಗೆ ಮುಂದಿನದು 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ, 50 ಮೀಟರಿನಲ್ಲಿ ಗುಂಡು ಸುಮಾರು 227 ಮಿಲಿಮೀಟರ್ ಆಚೆ ಹೋಗುತ್ತದೆ. ಗುರಿಯ ಕಪ್ಪು ಭಾಗದ ಅಡ್ಡಳತೆಯೇ 200. ಸಿಗುವುದು ಒಂದೆರಡು ಅಂಕ. ಅದೇ, ಸೈಟ್‌ಗಳೆರಡೂ ಹೊಂದಿಕೊಂಡಿದ್ದು, ಇಡೀ ನೋಟ ಗುರಿಯ ನಡುವಿನಿಂದ 2 ಸೆಂಟಿಮೀಟರ್ ತೇಲಿದರೆ ಗುಂಡು ತಪ್ಪುವುದೂ ಅಷ್ಟೇ. ಹತ್ತರ ವೃತ್ತ 50 ಮಿಲಿಮೀಟರ್ ಅಗಲವಿದೆ. ಹತ್ತು ಅಂಕ ಎಲ್ಲಿಗೂ ಹೋಗುವುದಿಲ್ಲ. ಕೈ ತೇಲುವುದು ಎಲ್ಲರಿಗೂ ಇದ್ದದ್ದೇ. ಅದನ್ನು ನಿಲ್ಲಿಸಲು ಹೆಣಗಿ ಟ್ರಿಗರನ್ನು ಜಗ್ಗುವವರೇ ಕೆಡುತ್ತಾರೆ.

"ದೂರ ಜಾಸ್ತಿಯಾಯಿತಲ್ಲ ಸರ್?" ಎಂಬ ವಾದವೂ ನಿಲ್ಲುವುದಿಲ್ಲ. 10 ಮೀಟರಿನ ಹತ್ತರ ವೃತ್ತ 11.5 ಮಿಲಿಮೀಟರ್. ಐದು ಪಟ್ಟು ಮಾಡಿದರೆ 57.5, ಇಲ್ಲಿರುವುದು 50. ವೃತ್ತ ಚಿಕ್ಕದಾಗಿರುವುದು ಅಷ್ಟು ಮಾತ್ರ. ಕಪ್ಪು ಭಾಗ ಕಣ್ಣಿಗೆ ಮೂರನೇ ಒಂದರಷ್ಟು ಚಿಕ್ಕದಾಗಿ ಕಾಣುವುದು ನಿಜ. ಅದನ್ನು ನೋಡಿಯೇ ಗಾಬರಿಯಾಗಿ ಕಣ್ಣು ಅತ್ತ ಓಡುತ್ತದೆ.

ಈ 50 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ಒಲಿಂಪಿಕ್ಸ್‌ನಲ್ಲಿ 2016ರ ರಿಯೊ ಕೊನೆಯದಾಯಿತು. ಕಲಿಸುವವನಿಗೆ ಮಾತ್ರ ಇದರಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ನಮ್ಮ ಏಪ್ರಿಲ್ ಬಿಸಿಲಿನ ಕಾಟ ಬೇರೆ. ಸೈಟ್‌ನ ಒಂದು ಅಂಚು ಫಳಫಳ ಹೊಳೆದರೆ ಕಣ್ಣು ಆ ಅಂಚನ್ನೇ ನಡು ಎಂದು ತಿಳಿಯುತ್ತದೆ. ಹೊಳಪಿಲ್ಲದ ಕಪ್ಪು ಹಚ್ಚಿಕೊಳ್ಳಿ.

ನಿವೃತ್ತ ಪೊಲೀಸರೊಬ್ಬರು ಬರುತ್ತಾರೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಹೊಸ ಕನ್ನಡಕದಲ್ಲಿ ಗುರಿಯ ಅಂಕಿಗಳೂ ಕಾಣುತ್ತವೆ ಎಂದು ಅವರಿಗೆ ಖುಷಿ, ಅಂಕ ಮಾತ್ರ ಇಳಿಯುತ್ತಲೇ ಹೋಯಿತು. "ಕಾಕಾ, ಗುರಿ ಎಲ್ಲಿಗೂ ಓಡಿಹೋಗುವುದಿಲ್ಲ, ಸೈಟ್ ನೋಡಿ" ಎಂದರೆ, "ಅದು ಕಂಡರೆ ತಾನೇ!" ಎಂದರು. ನಲವತ್ತು ದಾಟಿದವರಿಗೆ ಇದು ನಿಜವಾದ ತೊಂದರೆ. ಯಾವ ಗಾಜು ಹೊಂದುತ್ತದೆ ಎಂದು ನಾನು ಹೇಳಲಾರೆ, ಅದು ನೇತ್ರ ವೈದ್ಯರ ಕೆಲಸ. ಕೈ ಚಾಚಿ ನಿಂತಾಗ ಕಣ್ಣಿನಿಂದ ಮುಂದಿನ ಸೈಟ್‌ವರೆಗಿನ ದೂರವನ್ನು ದಾರದಲ್ಲಿ ಅಳೆಸಿಕೊಂಡು ಅವರ ಬಳಿಗೆ ಹೋಗಿ. ದಾರ ಸಾಕು, ದಯವಿಟ್ಟು ಪಿಸ್ತೂಲನ್ನೇ ಒಯ್ಯಬೇಡಿ. ಕಾಕಾ ಅದಕ್ಕೂ ಸಿದ್ಧರಾಗಿದ್ದರು.